ತಲೆಭಾರದ ಗಿಡಗಳಿಗೆ ಆಸರೆ: ಗೂಟ ಗಟ್ಟಿಯಿದ್ದರೆ ಸಾಲದು

ಗಾಳಿಮಳೆ ನಿಂತ ಮೇಲೆ ಕೈತೋಟದ ಲೆಕ್ಕ ಹೀಗಿತ್ತು. ಡೇಲಿಯಾ ಮಡಿಯ ಎಂಟು ಗಿಡಗಳಲ್ಲಿ ಐದು ಮಲಗಿದ್ದವು, ಅವುಗಳಲ್ಲಿ ಎರಡರ ಕಾಂಡ ಗೆಣ್ಣಿನ ಬಳಿ ಸೀಳಿತ್ತು. ಟೊಮೆಟೊ ಸಾಲು ಗೂಟಗಳ ಸಮೇತ ಒಂದೇ ಕಡೆಗೆ ವಾಲಿತ್ತು. ಗೋಡೆಯ ಪಕ್ಕದ ಸೂರ್ಯಕಾಂತಿಯೊಂದು ಕಟ್ಟಿದ್ದ ಗಂಟಿನ ಜಾಗದಲ್ಲಿಯೇ ಮುರಿದಿತ್ತು. ಪಪ್ಪಾಯಿ ನಿಂತೇ ಇತ್ತು, ಆದರೆ ಅದರ ಬುಡದ ಒಂದು ಬದಿಯ ಮಣ್ಣು ಬಿರುಕು ಬಿಟ್ಟು ಮೇಲೆದ್ದಿತ್ತು. ಒಂಟಿ ಕಾಂಡಕ್ಕೆ ಬೆಳೆಸಿದ ದಾಸವಾಳ ಕುಂಡದ ಸಮೇತ ಉರುಳಿತ್ತು.

ಪಪ್ಪಾಯಿಯೊಂದನ್ನು ಬಿಟ್ಟರೆ ಉಳಿದ ಎಲ್ಲಕ್ಕೂ ಗೂಟ ಇತ್ತು. ಗೂಟಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಮುರಿದದ್ದು ಒಂದೂ ಇಲ್ಲ. ಕೆಲವು ಬುಡದಲ್ಲಿ ಸಡಿಲಗೊಂಡಿದ್ದವು, ಕೆಲವು ಕಡೆ ಗಂಟು ಜಾರಿತ್ತು ಇಲ್ಲವೇ ಕಾಂಡವನ್ನು ಕೊಯ್ದಿತ್ತು. ದಾಸವಾಳದ ಗೂಟವಂತೂ ಗಿಡವನ್ನು ಅಪ್ಪಿಕೊಂಡೇ ನೆಲಕ್ಕೆ ಬಿದ್ದಿತ್ತು. ಹಾಗಾಗಿ ಇನ್ನೂ ದಪ್ಪನೆಯ ಗೂಟ ತರುವ ಯೋಚನೆಯನ್ನು ಅಲ್ಲಿಗೇ ಬಿಟ್ಟು, ಬುಡ ಮತ್ತು ಗಂಟುಗಳ ಕೆಲಸಕ್ಕೆ ಕೈ ಹಾಕಿದೆ. ಮಾಡಿದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

1. ಎತ್ತಿ ನಿಲ್ಲಿಸುವ ಮೊದಲು

ಬಿದ್ದ ಗಿಡ ಕಂಡ ಕೂಡಲೇ ಕೈ ತಾನಾಗಿ ಎತ್ತಲು ಹೋಗುತ್ತದೆ. ಬೆಳಗ್ಗೆ ಹಾಗೆ ಮಾಡಬಾರದು. ರಾತ್ರಿಯೆಲ್ಲ ನೀರು ಹೀರಿದ ಕಾಂಡ ಬೆಳಗ್ಗೆ ಬಿಗಿಯಾಗಿ, ಗಾಜಿನ ಕಡ್ಡಿಯಂತೆ ಇರುತ್ತದೆ. ಬಗ್ಗಿಸಿದರೆ ಟಪ್ಪೆಂದು ಮುರಿಯುತ್ತದೆ. ಮಧ್ಯಾಹ್ನದ ಬಿಸಿಲು ತಾಗಿ ಎಲೆಗಳು ಸ್ವಲ್ಪ ಬಾಡಿದಾಗ ಅದೇ ಕಾಂಡ ಹೇಳಿದಂತೆ ಕೇಳುತ್ತದೆ. ಬೆಳಗಿನ ಹೊತ್ತಿಗೆ ಮಾಡಬಹುದಾದ ಕೆಲಸ ಒಂದೇ: ಹೂವಿನೊಳಗೆ ನಿಂತ ನೀರನ್ನು ಕೊಡವುವುದು. ಒತ್ತೆಸಳಿನ ದೊಡ್ಡ ಡೇಲಿಯಾ ಹೂವನ್ನು ತಲೆಕೆಳಗು ಮಾಡಿ ಅಲುಗಿಸಿದರೆ ಅಂಗೈ ತುಂಬುವಷ್ಟು ನೀರು ಸುರಿಯುತ್ತದೆ. ಆ ಭಾರ ಇಳಿದ ಮೇಲೆ ಎರಡು ಗಿಡಗಳು ತಾವಾಗಿಯೇ ಒಂದು ಗೇಣು ಮೇಲೆದ್ದವು.

ಆಮೇಲೆ ಪ್ರತಿ ಗಿಡದ ಬುಡಕ್ಕೆ ಬಗ್ಗಿ ನೋಡಿದೆ. ಕಾಂಡ ಸರಿಯಿದ್ದು ಮಣ್ಣು ಮೇಲೆದ್ದಿದ್ದರೆ ಬೇರು ಅಲುಗಿದೆ ಎಂದರ್ಥ. ಅಂಥ ಗಿಡವನ್ನು ನಿಲ್ಲಿಸಿ, ಬುಡವನ್ನು ಹಿಮ್ಮಡಿಯಿಂದ ಅದುಮಿ, ನೀರು ಕೊಟ್ಟು, ಹೊಸ ಬೇರು ಹಿಡಿಯುವವರೆಗೆ ಅಲುಗದಂತೆ ನೋಡಿಕೊಳ್ಳಬೇಕು. ಮಣ್ಣು ಸರಿಯಿದ್ದು ಕಾಂಡ ಬಗ್ಗಿದ್ದರೆ ಆಸರೆ ತಪ್ಪಾದ ಎತ್ತರದಲ್ಲಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಎರಡನ್ನೂ ಒಂದೇ ಗೂಟದಿಂದ ಸರಿಮಾಡಲು ಹೋದರೆ ಮುಂದಿನ ಗಾಳಿಗೆ ಮತ್ತೆ ಅದೇ ಕಥೆ.

2. ಸಾಮಾನು

ಬಿದಿರಿನ ಗಳಗಳು, 25ರಿಂದ 30 ಮಿ.ಮೀ. ದಪ್ಪ, 180 ಸೆಂ.ಮೀ. ಉದ್ದ. 12 ಮಿ.ಮೀ. ಕಬ್ಬಿಣದ ಸರಳನ್ನು 75 ಸೆಂ.ಮೀ. ಉದ್ದಕ್ಕೆ ಕತ್ತರಿಸಿದ ತುಂಡುಗಳು. ಕಟ್ಟಡದವರು ಕಂಬಿ ಕಟ್ಟಲು ಬಳಸುವ ತೆಳು ತಂತಿ. 3 ಮಿ.ಮೀ. ಸೆಣಬಿನ ಹುರಿ. ಹಳೆಯ ಹತ್ತಿ ಬನಿಯನ್ನುಗಳು. ಒಡೆದ ಇಟ್ಟಿಗೆಗಳು. ಸೈಕಲ್ಲಿನ ಹಳೆಯ ಟ್ಯೂಬು. ಹೊಸದಾಗಿ ದುಡ್ಡು ಕೊಟ್ಟು ತಂದದ್ದು ಸರಳು ಮತ್ತು ಹುರಿ ಮಾತ್ರ. ಮಿಕ್ಕಿದ್ದೆಲ್ಲ ಮೂಲೆಯಲ್ಲಿ ಬಿದ್ದಿದ್ದ ವಸ್ತುಗಳು. ಸರಳು ತುಕ್ಕು ಹಿಡಿದರೂ ಹತ್ತಾರು ಹಂಗಾಮು ಬಾಳುವುದರಿಂದ ಆ ಖರ್ಚನ್ನು ಒಂದು ವರ್ಷದ ಲೆಕ್ಕಕ್ಕೆ ಬರೆಯಬೇಕಿಲ್ಲ.

ಸಲಕರಣೆಗಳು: ಹಾರೆ, 2 ಕಿಲೋ ಸುತ್ತಿಗೆ, ಗರಗಸ, ಇಕ್ಕಳ, ಕತ್ತರಿ, ಅಳತೆ ಟೇಪು. ಇವುಗಳ ಜೊತೆಗೆ ಕೊಕ್ಕೆಯಿರುವ ಒಂದು ಸ್ಪ್ರಿಂಗ್ ತಕ್ಕಡಿ. ಅದು ಯಾಕೆಂದು ಮುಂದೆ ಹೇಳುತ್ತೇನೆ.

3. ಬುಡ

ಹಳೆಯ ವ್ಯವಸ್ಥೆ ಎಲ್ಲರೂ ಮಾಡುವಂಥದ್ದೇ: 150 ಸೆಂ.ಮೀ. ಬಿದಿರು, ಅದರಲ್ಲಿ 20 ಸೆಂ.ಮೀ. ನೆಲದೊಳಗೆ. ಒಣ ನೆಲದಲ್ಲಿ ಅಲುಗಿಸಿ ನೋಡಿದರೆ ಕಲ್ಲಿನಂತೆ ನಿಂತಿರುತ್ತದೆ. ಮಡಿಯ ಮಣ್ಣು ಅಗೆದು ಗೊಬ್ಬರ ಸೇರಿಸಿದ ಸಡಿಲ ಮಣ್ಣು. ಒಳ್ಳೆಯ ಮಳೆ ಬಿದ್ದರೆ ಅದು ಅಂಬಲಿಯಾಗುತ್ತದೆ. ಗಾಳಿ ಬಲವಾಗಿ ಬೀಸುವುದೂ ಅದೇ ಹೊತ್ತಿಗೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟಾಗುತ್ತದೆ ಎಂಬ ಲೆಕ್ಕವನ್ನೂ ಸೇರಿಸಿಕೊಂಡರೆ, ಆ 20 ಸೆಂ.ಮೀ. ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂದು ಊಹಿಸಬಹುದು.

ಕಿತ್ತ ಬಿದಿರುಗಳಲ್ಲಿ ಇನ್ನೊಂದು ಸಂಗತಿ ಕಂಡಿತು. ನೆಲದ ಮಟ್ಟದಲ್ಲಿ, ಸರಿಯಾಗಿ ಗಾಳಿಯೂ ನೀರೂ ಸೇರುವ ಜಾಗದಲ್ಲಿ, ಎರಡು ಬೆರಳಗಲದ ಕಪ್ಪು ಪಟ್ಟಿ. ಉಗುರು ಒತ್ತಿದರೆ ಒಳಗಿಳಿಯುವಷ್ಟು ಮೆತ್ತಗಾಗಿತ್ತು. ಅದರ ಕೆಳಗಿನ ಭಾಗ ಗಟ್ಟಿ, ಮೇಲಿನ ಭಾಗವೂ ಗಟ್ಟಿ. ಈ ಸಲ ಮುರಿಯದಿದ್ದರೂ ಮುಂದಿನ ಮಳೆಗಾಲಕ್ಕೆ ಅಲ್ಲಿಯೇ ಮುರಿಯುತ್ತಿದ್ದವು.

ಮೊದಲ ಪ್ರಯತ್ನವಾಗಿ ಅದೇ ಬಿದಿರನ್ನು ಸುತ್ತಿಗೆಯಿಂದ ಇನ್ನಷ್ಟು ಆಳಕ್ಕೆ ಹೊಡೆದೆ. ತಲೆ ಸೀಳಿಹೋಯಿತು. ಹಾರೆಯಿಂದ 45 ಸೆಂ.ಮೀ. ಆಳದ ತೂತು ಮಾಡಿ, ಬಿದಿರನ್ನು ಇಳಿಸಿ, ಸುತ್ತ ಮಣ್ಣು ಗುದ್ದಿದಾಗ ಪರವಾಗಿಲ್ಲ ಎನಿಸಿತು. ಆದರೆ ಬಿದಿರು ಮಣ್ಣಿನಲ್ಲಿ ಇರುವವರೆಗೆ ಆ ಕಪ್ಪು ಪಟ್ಟಿ ತಪ್ಪಿದ್ದಲ್ಲ. ಕೊನೆಗೆ ಬಿದಿರನ್ನು ನೆಲದಿಂದಲೇ ಬಿಡಿಸಿದೆ.

ಮಾಡಿದ್ದು ಇಷ್ಟು. ಸರಳಿನ ತುಂಡನ್ನು 45 ಸೆಂ.ಮೀ. ನೆಲದೊಳಗೆ ಹೊಡೆದು 30 ಸೆಂ.ಮೀ. ಮೇಲೆ ಉಳಿಸಿದೆ. ಬಿದಿರಿನ ಕೆಳತುದಿಯ ಟೊಳ್ಳು ಸರಳಿನ ಮೇಲೆ ಟೋಪಿಯಂತೆ ಕೂರಬೇಕು. ಹಾದಿಯಲ್ಲಿ ಗೆಣ್ಣಿನ ತಡಿಕೆ ಅಡ್ಡ ಬಂದರೆ ಅದೇ ಸರಳಿನಿಂದ ಗುದ್ದಿ ತೂತು ಹೊಡೆಯಬಹುದು. ಹೀಗೆ ಗುದ್ದುವಾಗ ಬಿದಿರಿನ ಬಾಯಿ ಸೀಳುತ್ತದೆ. ಮೊದಲೇ ತುದಿಯಿಂದ 2 ಸೆಂ.ಮೀ. ಬಿಟ್ಟು ತಂತಿಯನ್ನು ನಾಲ್ಕು ಸುತ್ತು ಬಿಗಿದು ಇಕ್ಕಳದಿಂದ ತಿರುಚಿದರೆ ಸೀಳುವುದಿಲ್ಲ. ಟೊಳ್ಳು ಚಿಕ್ಕದಿರುವ ಬಿದಿರನ್ನು ಸರಳಿನ ಪಕ್ಕಕ್ಕೆ ನಿಲ್ಲಿಸಿ, 20 ಸೆಂ.ಮೀ. ಅಂತರದಲ್ಲಿ ಎರಡು ಕಡೆ ತಂತಿಯಿಂದ ಬಿಗಿದೆ. ಎರಡೂ ಬಗೆಯಲ್ಲಿ ಬಿದಿರಿನ ಬುಡ ನೆಲದಿಂದ ಎರಡು ಬೆರಳು ಮೇಲಿರುತ್ತದೆ. ಇಡೀ ಬಿದಿರನ್ನು ಹಂಗಾಮು ಮುಗಿದ ಮೇಲೆ ಕಳಚಿ ಒಣಜಾಗದಲ್ಲಿ ಇಡಬಹುದು.

ಈಗ ಸ್ಪ್ರಿಂಗ್ ತಕ್ಕಡಿಯ ಮಾತು. ಮಡಿಗೆ ನೀರು ತುಂಬಿಸಿ, ಮಣ್ಣು ಪೂರ್ತಿ ನೆನೆದ ಮೇಲೆ, ನೆಲದಿಂದ 100 ಸೆಂ.ಮೀ. ಎತ್ತರದಲ್ಲಿ ಕೊಕ್ಕೆ ಸಿಕ್ಕಿಸಿ ಅಡ್ಡಕ್ಕೆ 3 ಕಿಲೋ ತೋರಿಸುವವರೆಗೆ ಎಳೆದೆ. ಹಳೆಯ ಗೂಟ ಅಂಗೈ ಉದ್ದಕ್ಕಿಂತ ಹೆಚ್ಚು ವಾಲಿತು, ಬಿಟ್ಟರೆ ವಾಪಸು ಬರಲಿಲ್ಲ. ಹೊಸದು ಸರಳಿನ ಮೇಲೆ ನಿಂತದ್ದೂ ಸುಮಾರು 8 ಸೆಂ.ಮೀ. ವಾಲಿತು. ಇದು ನಿರಾಸೆ ತಂದಿತು. ಸರಳು ತೆಳು, ನೆನೆದ ಮಣ್ಣನ್ನು ಸೀಳಿಕೊಂಡು ಸರಿಯುತ್ತದೆ. ಅದಕ್ಕೆ ಮಣ್ಣನ್ನು ತಳ್ಳಲು ಅಗಲ ಬೇಕು. ಸರಳಿಗೆ ತಾಗಿ, ಗಾಳಿ ಗಿಡವನ್ನು ಯಾವ ಕಡೆಗೆ ದೂಡುತ್ತದೆಯೋ ಆ ಕಡೆಗೆ, ಅರ್ಧ ಇಟ್ಟಿಗೆಯೊಂದನ್ನು ಮೇಲ್ಮಣ್ಣಿನ ಮಟ್ಟಕ್ಕೆ ನಿಲುವಾಗಿ ಹೂತು ಸುತ್ತ ಗುದ್ದಿದೆ. ಅದೇ 3 ಕಿಲೋ ಎಳೆತಕ್ಕೆ ವಾಲುವಿಕೆ ಮೂರು ಬೆರಳಿಗೆ ಇಳಿಯಿತು, ಬಿಟ್ಟಾಗ ನೆಟ್ಟಗಾಯಿತು. ಇಡೀ ಕೆಲಸದಲ್ಲಿ ಖರ್ಚಿಲ್ಲದೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ಅರ್ಧ ಇಟ್ಟಿಗೆ.

ಗೂಟವನ್ನು ಯಾವಾಗಲೂ ಒದ್ದೆ ಮಣ್ಣಿನಲ್ಲಿ ಪರೀಕ್ಷಿಸಬೇಕು. ಒಣ ಮಣ್ಣು ಎಲ್ಲ ಗೂಟಗಳಿಗೂ ಒಳ್ಳೆಯ ಅಂಕ ಕೊಡುತ್ತದೆ.

ಬಿದಿರಿನ ಮೇಲ್ತುದಿಯ ಬಗ್ಗೆ ಎರಡು ಮಾತು. ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದರೆ ತುದಿ ಮುಚ್ಚಿರುತ್ತದೆ. ಗೆಣ್ಣುಗಳ ನಡುವೆ ಕತ್ತರಿಸಿದರೆ ಒಂದು ಲೋಟ ಸಿಕ್ಕಂತೆ. ಮಳೆನೀರು ನಿಂತು ಸೊಳ್ಳೆ ಮರಿ ಮಾಡುತ್ತದೆ. ಇನ್ನು, ಕಳೆ ಕೀಳಲು ಬಗ್ಗಿದಾಗ ಕಣ್ಣಿಗೆ ನೇರವಾಗಿ ಬರುವುದು ಗೂಟದ ತುದಿಯೇ. ಪ್ರತಿಯೊಂದಕ್ಕೂ ಹಳೆಯ ಪ್ಲಾಸ್ಟಿಕ್ ಬಾಟಲಿಯ ಬುಡವನ್ನು ಮಗುಚಿ ಹಾಕಿದ್ದೇನೆ. ನೋಡಲು ಚೆನ್ನಾಗಿಲ್ಲ, ಇರಲಿ.

4. ಗಂಟು

ಮೊದಲಿದ್ದದ್ದು ನೈಲಾನ್ ದಾರ. ಸೂರ್ಯಕಾಂತಿ ಮುರಿದ ಜಾಗವನ್ನು ಬಿಡಿಸಿ ನೋಡಿದಾಗ ದಾರ ಸಿಪ್ಪೆಯನ್ನು ಕೊಯ್ದು ಒಳಗೆ ಕೂತಿತ್ತು. ಕಾಂಡ ದಪ್ಪವಾಗುತ್ತಾ ಹೋಗುತ್ತದೆ, ನೈಲಾನ್ ಹಿಗ್ಗುವುದಿಲ್ಲ. ಸೆಣಬಿನ ಹುರಿಗೂ ಒಂದು ದೋಷವಿದೆ: ನೆನೆದರೆ ಅದರ ಎಳೆಗಳು ಉಬ್ಬಿ ಹುರಿ ಗಿಡ್ಡವಾಗುತ್ತದೆ. ಒಣಗಿದ್ದಾಗ ಸರಿಯಾಗಿ ಕಟ್ಟಿದ ಕುಣಿಕೆ ಮಳೆಯಲ್ಲಿ ಕತ್ತು ಹಿಸುಕುತ್ತದೆ. ಅದಕ್ಕೇ ಹುರಿಯನ್ನು ಗೂಟದಿಂದ ಗೂಟಕ್ಕೆ ಎಳೆಯಲು ಮಾತ್ರ ಇಟ್ಟುಕೊಂಡೆ. ಕಾಂಡವನ್ನು ಮುಟ್ಟುವ ಕಡೆಯಲ್ಲೆಲ್ಲ ಬನಿಯನ್ ಬಟ್ಟೆ.

ಬನಿಯನ್ನನ್ನು ಅಡ್ಡಕ್ಕೆ 3 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಬೇಕು, ಅಂದರೆ ಎದೆಯ ಸುತ್ತ ಬರುವಂತೆ. ಆ ದಿಕ್ಕಿಗೆ ಬಟ್ಟೆ ಹೆಚ್ಚು ಹಿಗ್ಗುತ್ತದೆ. ಪಟ್ಟಿಯ ಎರಡು ತುದಿ ಹಿಡಿದು ಒಮ್ಮೆ ಜಗ್ಗಿದರೆ ಅಂಚುಗಳು ಸುರುಳಿಕೊಂಡು ಮೆತ್ತನೆಯ ಹಗ್ಗವಾಗುತ್ತದೆ. ಗಾಳಿ ಬಂದಾಗ ಅದು ಸ್ವಲ್ಪ ಹಿಗ್ಗಿ ಮತ್ತೆ ಸೆಳೆದುಕೊಳ್ಳುತ್ತದೆ. ಒಂದು ಹಂಗಾಮಿಗೆ ಸಾಕು, ಆಮೇಲೆ ಬಿಸಿಲಿಗೆ ಜೀರ್ಣವಾಗುತ್ತದೆ.

ಕಟ್ಟುವ ಕ್ರಮ: ಪಟ್ಟಿಯನ್ನು ಮೊದಲು ಗೂಟಕ್ಕೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕುವುದು, ಅದೂ ಬಿದಿರಿನ ಗೆಣ್ಣಿನ ಮೇಲ್ಭಾಗದಲ್ಲಿ. ಬಿದಿರಿನ ಮೈ ನುಣುಪು. ಗೆಣ್ಣು ತಡೆಯದಿದ್ದರೆ ಗಂಟು ಮೆಲ್ಲಗೆ ಕೆಳಗೆ ಜಾರುತ್ತದೆ, ಗಿಡ ಕುತ್ತಿಗೆ ಬಗ್ಗಿಸುತ್ತದೆ. ಗೂಟದ ಗಂಟಿನಿಂದ ಉಳಿದ ಎರಡು ತುದಿಗಳನ್ನು ಒಂದನ್ನೊಂದು ದಾಟಿಸಿ, ಕಾಂಡದ ಸುತ್ತ ತಂದು, ಸಡಿಲವಾಗಿ ಕಟ್ಟುವುದು. ಒಟ್ಟಿನಲ್ಲಿ 8ರ ಆಕಾರ ಬರುತ್ತದೆ. ನಡುವಿನ ದಾಟು ಗೂಟಕ್ಕೂ ಕಾಂಡಕ್ಕೂ ಮಧ್ಯೆ ದಿಂಬಿನ ಕೆಲಸ ಮಾಡುತ್ತದೆ. ಕಾಂಡದ ಕುಣಿಕೆಯೊಳಗೆ ಕಿರುಬೆರಳು ಆರಾಮವಾಗಿ ಹೋಗಬೇಕು. ಟೊಮೆಟೊಗೆ ಹೆಬ್ಬೆರಳು.

ಬಿಗಿಯಾಗಿ ಕಟ್ಟಿದರೆ ಇನ್ನೊಂದು ನಷ್ಟವಿದೆ. ಗಾಳಿಗೆ ಸ್ವಲ್ಪ ಅಲುಗಾಡುವ ಕಾಂಡ ಗಿಡ್ಡವಾಗಿ, ದಪ್ಪವಾಗಿ ಬೆಳೆಯುತ್ತದೆ. ಸಸ್ಯವಿಜ್ಞಾನಿ ಮಾರ್ಕ್ ಜಾಫೆ 1973ರಲ್ಲಿ ಈ ಗುಣಕ್ಕೆ ಥಿಗ್ಮೋಮಾರ್ಫೋಜೆನೆಸಿಸ್ ಎಂಬ ಹೆಸರು ಕೊಟ್ಟರು. ಹೆಸರನ್ನು ಮರೆತರೂ ನಡೆಯುತ್ತದೆ. ಗೂಟಕ್ಕೆ ಅಂಟಿಸಿ ಕಟ್ಟಿದ ಗಿಡವನ್ನು ಬಿಚ್ಚಿ ನೋಡಿದವರಿಗೆ ವಿಷಯ ಗೊತ್ತಿರುತ್ತದೆ. ಬಿಚ್ಚಿದ ಕೂಡಲೇ ಅದು ಮಲಗುತ್ತದೆ.

5. ಡೇಲಿಯಾ ಮಡಿ

ಇಲ್ಲಿ ಹೆಚ್ಚು ಸಮಯ ಹೋಯಿತು. ಡೇಲಿಯಾಕ್ಕೆ ಗೂಟ ಹೊಡೆಯಬೇಕಾದದ್ದು ಗೆಡ್ಡೆ ನೆಡುವಾಗ. ಬೆಳೆದ ಮೇಲೆ ಹೊಡೆದರೆ ಮಣ್ಣಿನೊಳಗೆ ಕೈಬೆರಳುಗಳಂತೆ ಹರಡಿದ ಗೆಡ್ಡೆಗಳಲ್ಲಿ ಯಾವುದಕ್ಕೆ ಚುಚ್ಚುತ್ತದೆಯೋ ಹೇಳಲಾಗದು. ಚುಚ್ಚಿದ ಗೆಡ್ಡೆ ಕೊಳೆಯುತ್ತದೆ. ಹಾಗಾಗಿ ಗಿಡಕ್ಕೊಂದು ಗೂಟದ ಆಲೋಚನೆ ಬಿಟ್ಟು, ಮಡಿಯ ಹೊರಗೆ ಚೌಕಟ್ಟು ಕಟ್ಟಿದೆ.

ಮಡಿ 300 ಸೆಂ.ಮೀ. ಉದ್ದ, 100 ಸೆಂ.ಮೀ. ಅಗಲ. ಅಂಚಿನಲ್ಲಿ ಆರು ಸರಳು, ಒಂದೊಂದು ಬದಿಗೆ ಮೂರರಂತೆ, ಅವುಗಳ ಮೇಲೆ ಆರು ಬಿದಿರು. ನೆಲದಿಂದ 45 ಸೆಂ.ಮೀ. ಮತ್ತು 90 ಸೆಂ.ಮೀ. ಎತ್ತರದಲ್ಲಿ ಉದ್ದಕ್ಕೂ ಅಡ್ಡಕ್ಕೂ ಹುರಿ ಎಳೆದು, ಸುಮಾರು ಒಂದು ಗೇಣಿನ ಚೌಕಗಳ ಬಲೆ ಮಾಡಿದೆ. ಕೆಳಬಲೆಯ ಚೌಕಗಳ ಮೂಲಕ ಕಾಂಡಗಳನ್ನು ಮೇಲೆ ತರುವಾಗ ಎರಡು ಕೈ ಸಾಲದು. ಒಬ್ಬರು ಗಿಡ ಹಿಡಿಯಬೇಕು, ಇನ್ನೊಬ್ಬರು ಹುರಿ ಎಳೆಯಬೇಕು. ಗಿಡ ಒಂದು ಮೊಳ ಎತ್ತರ ಇರುವಾಗಲೇ ಬಲೆ ಕಟ್ಟಿದ್ದರೆ ಅವು ತಾವಾಗಿಯೇ ಚೌಕಗಳೊಳಗಿಂದ ಮೇಲೇರುತ್ತಿದ್ದವು, ಹುರಿ ಎಲೆಯೊಳಗೆ ಮರೆಯಾಗುತ್ತಿತ್ತು.

ಮೊದಲ ಬಲೆ ನಿಲ್ಲಲಿಲ್ಲ. ಹುರಿಯನ್ನು ಬಿಗಿದಷ್ಟೂ ನಾಲ್ಕು ಮೂಲೆಯ ಬಿದಿರುಗಳು ಒಳಗೆ ಬಾಗಿದವು, ನಡುವಿನ ಹುರಿ ಜೋಲುಬಿದ್ದಿತು. ಎದುರುಬದುರು ಬಿದಿರುಗಳ ತಲೆಯನ್ನು 100 ಸೆಂ.ಮೀ. ಅಡ್ಡಬಿದಿರಿನಿಂದ ಜೋಡಿಸಿ ತಂತಿ ಬಿಗಿದ ಮೇಲೆ, ಉದ್ದದ ಅಂಚಿಗೂ ಹಾಗೆಯೇ ಮಾಡಿದ ಮೇಲೆ, ಚೌಕಟ್ಟು ಮಂಚದ ಹಾಗೆ ಗಟ್ಟಿಯಾಯಿತು. ಒಂದೊಂದೇ ಗೂಟ ಗಾಳಿಯನ್ನು ಎದುರಿಸುವ ಬದಲು ಆರೂ ಒಟ್ಟಿಗೆ ಹೊರೆ ಹಂಚಿಕೊಳ್ಳುತ್ತವೆ.

ಸೀಳಿದ ಎರಡು ಕಾಂಡಗಳಲ್ಲಿ ಒಂದರ ಸೀಳು ಅರ್ಧಕ್ಕಿಂತ ಕಡಿಮೆ. ಅದನ್ನು ಜೋಡಿಸಿ, ಎರಡು ಬದಿಗೆ ಬಿದಿರಿನ ದಬ್ಬೆ ಇಟ್ಟು, ಬಟ್ಟೆಪಟ್ಟಿ ಸುತ್ತಿದೆ. ಎಲೆ ಬಾಡಲಿಲ್ಲ, ಕೂಡಿಕೊಂಡಿತು. ಅದರ ಮೇಲಿದ್ದ ಮೊಗ್ಗುಗಳಲ್ಲಿ ಒಂದನ್ನು ಮಾತ್ರ ಬಿಟ್ಟು ಉಳಿದವನ್ನು ಚಿವುಟಿ ಭಾರ ಇಳಿಸಿದ್ದೇನೆ. ಇನ್ನೊಂದು ಮುಕ್ಕಾಲು ಪಾಲು ಸೀಳಿತ್ತು. ಅದಕ್ಕೂ ದಬ್ಬೆ ಕಟ್ಟಿದ್ದು ವ್ಯರ್ಥ. ಬಿಸಿಲೇರುವ ಹೊತ್ತಿಗೆ ತಲೆ ಜೋತುಬಿದ್ದಿತು. ಒಂದು ಜೊತೆ ಎಲೆಗಳ ಸ್ವಲ್ಪ ಮೇಲೆ ಕತ್ತರಿಸಿದೆ. ಡೇಲಿಯಾ ಕಾಂಡ ಗೆಣ್ಣುಗಳ ನಡುವೆ ಟೊಳ್ಳು. ಗೆಣ್ಣಿನಿಂದ ದೂರದಲ್ಲಿ ಕತ್ತರಿಸಿದರೆ ಉಳಿದ ಕೊಳವೆಯಲ್ಲಿ ನೀರು ನಿಂತು ಕೊಳೆತ ಕೆಳಗಿಳಿಯುತ್ತದೆ, ಹಾಗಾಗಿ ತೀರ ಹತ್ತಿರದಲ್ಲಿಯೇ ಕತ್ತರಿಸಬೇಕು. ಎಲೆಯ ಕಂಕುಳಿನಿಂದ ಎರಡು ಚಿಗುರು ಬಂದಿವೆ, ಮೊದಲಿನದಕ್ಕಿಂತ ಗಿಡ್ಡ ಮತ್ತು ಗಟ್ಟಿ. ನಿಜ ಹೇಳಬೇಕೆಂದರೆ, ಎಲ್ಲ ಗಿಡಗಳ ತುದಿಯನ್ನೂ ಅವು 30-40 ಸೆಂ.ಮೀ. ಇದ್ದಾಗ ಚಿವುಟಿದ್ದರೆ ಈ ಚೌಕಟ್ಟಿನ ಅರ್ಧ ಕೆಲಸ ಉಳಿಯುತ್ತಿತ್ತು.

6. ಟೊಮೆಟೊ ಸಾಲು

ಬಿದ್ದ ಟೊಮೆಟೊ ಗಿಡಗಳ ಬುಡದ ಭಾಗ ನೆಲದಲ್ಲಿ ಮಲಗಿ, ತುದಿ ಆಗಲೇ ಬೆಳಕಿನ ಕಡೆಗೆ ಮೇಲೆದ್ದಿತ್ತು. ಅಂಥದ್ದನ್ನು ಬುಡದಿಂದ ನೆಟ್ಟಗೆ ಮಾಡಲು ಹೋದರೆ ಬಾಗಿದ ಮೊಣಕೈಯಲ್ಲಿ ಮುರಿಯುತ್ತದೆ. ಮೊದಲನೆಯದನ್ನು ಎತ್ತುವಾಗ ಆದದ್ದೂ ಅದೇ. ಉಳಿದವುಗಳಲ್ಲಿ ಮಲಗಿದ ಭಾಗವನ್ನು ಮಲಗಿದಂತೆಯೇ ಬಿಟ್ಟು, ಅಲ್ಲಿನ ಎಲೆಗಳನ್ನು ಸವರಿ, ಮೇಲೆ ನಾಲ್ಕು ಬೆರಳು ಮಣ್ಣು ಏರಿಸಿದೆ. ಟೊಮೆಟೊ ಕಾಂಡ ಮಣ್ಣು ತಾಗಿದ ಕಡೆ ಬೇರು ಬಿಡುತ್ತದೆ. ಹೀಗೆ ಗಿಡ ಗಿಡ್ಡವಾಯಿತು, ಬೇರು ಹೆಚ್ಚಾಯಿತು. ಬಿದ್ದದ್ದರಿಂದ ಲಾಭವಾದ ಗಿಡ ಇದೊಂದೇ.

ಆಸರೆಗೆ ಹೆಣಿಗೆ ವಿಧಾನ ಹಿಡಿದೆ. ಎರಡು ಗಿಡಗಳಿಗೊಂದು ಗೂಟ. ಮೊದಲ ಹುರಿ ನೆಲದಿಂದ 25 ಸೆಂ.ಮೀ., ಮುಂದಿನವು ಪ್ರತಿ 20 ಸೆಂ.ಮೀ. ಬೆಳವಣಿಗೆಗೆ ಒಂದರಂತೆ. ಹುರಿಯನ್ನು ಮೊದಲ ಗೂಟಕ್ಕೆ ಕಟ್ಟಿ, ಗಿಡಗಳ ಮುಂಭಾಗದಲ್ಲಿ ಸಾಗಿಸಿ, ಪ್ರತಿ ಗೂಟಕ್ಕೂ ಒಂದು ಸುತ್ತು ಹಾಕಿ, ಕೊನೆಯ ಗೂಟದಿಂದ ಹಿಂಭಾಗದಲ್ಲಿ ವಾಪಸು ತರುವುದು. ಎರಡು ಹುರಿಗಳ ನಡುವೆ ಗಿಡಗಳು ಸಿಕ್ಕಿಕೊಂಡು ನಿಲ್ಲುತ್ತವೆ, ಒಂದೊಂದಕ್ಕೂ ಗಂಟು ಬೇಡ. ಎಳೆತವೆಲ್ಲ ತುದಿಯ ಎರಡು ಗೂಟಗಳ ಮೇಲೆ ಬೀಳುತ್ತದೆ ಎಂಬುದು ಮೂರನೆಯ ಸುತ್ತು ಹಾಕಿದಾಗ ಕಂಡಿತು. ಎರಡೂ ಒಳಗೆ ವಾಲತೊಡಗಿದವು. ಸಾಲಿನ ಹೊರಗೆ ಒಂದು ಮಾರು ದೂರದಲ್ಲಿ ಮೊಳೆಗೂಟ ಹೊಡೆದು, ಅದರ ತಲೆ ಸಾಲಿನಿಂದ ಹೊರಗೆ ವಾಲುವಂತೆ ನಿಲ್ಲಿಸಿ, ತುದಿಗೂಟದ ತಲೆಯಿಂದ ಅಲ್ಲಿಗೆ ಹಗ್ಗ ಬಿಗಿದೆ. ಕತ್ತಲಲ್ಲಿ ಕಾಲಿಗೆ ಸಿಕ್ಕುವ ಹಗ್ಗ ಅದು. ಬಿಳಿ ಬಟ್ಟೆಯ ಚೂರು ಕಟ್ಟಿದ್ದೇನೆ.

7. ಸೂರ್ಯಕಾಂತಿ

ಎರಡು ಮೀಟರ್ ಎತ್ತರದ ಕಾಂಡಕ್ಕೆ ಸೊಂಟದ ಎತ್ತರದಲ್ಲಿ ಒಂದೇ ಗಂಟು, ಅದೂ ಬಿಗಿಯಾಗಿ. ಮೇಲಿನ ಅಷ್ಟೂ ಭಾಗ ಗಾಳಿಗೆ ತೂಗಿ, ಬಾಗುವಿಕೆಯೆಲ್ಲ ಆ ಒಂದು ಬಿಂದುವಿಗೆ ಬಂದು, ಅಲ್ಲಿಯೇ ಮುರಿಯಿತು. ಉಳಿದವಕ್ಕೆ ಎರಡೆರಡು ಗಂಟು: ಒಂದು ಮೊಣಕಾಲಿನ ಎತ್ತರದಲ್ಲಿ, ಇನ್ನೊಂದು ಎತ್ತರದ ಮೂರರಲ್ಲಿ ಎರಡು ಪಾಲಿನ ಹತ್ತಿರ, ಮೇಲಿನದು ಕೆಳಗಿನದಕ್ಕಿಂತ ಸಡಿಲ.

ಗೂಟ ಯಾವ ಬದಿಗೆ? ಬಲಿತ ಸೂರ್ಯಕಾಂತಿ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತದೆ, ಭಾರವೂ ಆ ಕಡೆಗೇ. ಗೂಟ ಪಶ್ಚಿಮದಲ್ಲಿದ್ದರೆ ಕಾಂಡ ಗೂಟದಿಂದ ದೂರಕ್ಕೆ ಎಳೆಯುತ್ತದೆ, ಬಟ್ಟೆಪಟ್ಟಿ ಅದನ್ನು ಹಿಡಿಯುತ್ತದೆ. ಪೂರ್ವದಲ್ಲಿ ಊರಿದರೆ ಕಾಂಡ ಗೂಟದ ಮೇಲೆ ಒರಗಿ ಉಜ್ಜಿ ಸಿಪ್ಪೆ ಹೋಗುತ್ತದೆ. ಬೀಜ ತುಂಬುವಾಗ ತಲೆ ಕೆಳಗೆ ಬಾಗುವುದು ಸಹಜ. ಅದನ್ನು ನೆಟ್ಟಗೆ ಮಾಡಲು ಹೋಗಬಾರದು.

8. ಸಣ್ಣಪುಟ್ಟವು

ಸೇವಂತಿಗೆ, ಮೆಣಸಿನ ಗಿಡ, ಕಾಸ್ಮೋಸ್ ಇವಕ್ಕೆ ಇಷ್ಟೆಲ್ಲ ಬೇಡ. ಕವಲಿರುವ ಒಣ ಕೊಂಬೆಗಳನ್ನು ಗಿಡ ಗೇಣುದ್ದ ಇರುವಾಗ ಸುತ್ತ ಚುಚ್ಚಿದರೆ ಮುಗಿಯಿತು. ಕೊಂಬೆ ಒಣಗಿರಲಿ. ಕತ್ತರಿಸಿದ ಹಸಿ ದಾಸವಾಳದ ಕಡ್ಡಿಯನ್ನು ಚುಚ್ಚಿದ ಕಡೆ ಸೇವಂತಿಗೆಗಿಂತ ಮೊದಲು ಕಡ್ಡಿಯೇ ಚಿಗುರಿದೆ. ಗ್ಲಾಡಿಯೋಲಸ್ ಗೆಡ್ಡೆಯನ್ನು 10ರಿಂದ 15 ಸೆಂ.ಮೀ. ಆಳಕ್ಕೆ ನೆಟ್ಟು ಬೆಳೆದಂತೆ ಮಣ್ಣೇರಿಸಿದರೆ ಬಹುಪಾಲು ತಾನೇ ನಿಲ್ಲುತ್ತದೆ.

9. ಕುಂಡದ ದಾಸವಾಳ

ಕುಂಡದೊಳಗೆ ಊರಿದ ಗೂಟ ಗಿಡವನ್ನು ಕುಂಡಕ್ಕೆ ಕಟ್ಟುತ್ತದೆ ಅಷ್ಟೇ. ಕುಂಡವನ್ನು ನೆಲಕ್ಕೆ ಕಟ್ಟಲು ಯಾರೂ ಇಲ್ಲ. 30 ಸೆಂ.ಮೀ. ಪ್ಲಾಸ್ಟಿಕ್ ಕುಂಡ, ತೆಂಗಿನ ನಾರಿನ ಪುಡಿ ಬೆರೆಸಿದ ಹಗುರ ಮಣ್ಣು, ಮೇಲೆ 130 ಸೆಂ.ಮೀ. ಗಿಡ. ನೀರು ಹಾಕಿದ ಮೇಲೆ ತೂಗಿದಾಗ 11 ಕಿಲೋ, ಒಣಗಿದಾಗ 6 ಕಿಲೋ. ಮಳೆ ಬೀಳುವ ಮೊದಲು ಬರುವ ಒಣಗಾಳಿಗೆ ಅದು ಉರುಳಿದ್ದರಲ್ಲಿ ಆಶ್ಚರ್ಯವಿಲ್ಲ.

ಕುಂಡದ ತಳಕ್ಕೆ ಕಲ್ಲು ತುಂಬಿಸುವ ಉಪಾಯ ಎಲ್ಲರೂ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ: ಬೇರಿಗೆ ಇರುವ ಜಾಗ ಕಡಿಮೆಯಾಗುತ್ತದೆ, ಕಲ್ಲಿನ ಪದರದ ಮೇಲಿನ ಮಣ್ಣಿನಲ್ಲಿ ನೀರು ತಡೆದು ನಿಲ್ಲುತ್ತದೆ. ಕಲ್ಲನ್ನು ಹೊರಗಿಟ್ಟೆ. 45 ಸೆಂ.ಮೀ. ದೊಡ್ಡ ಕುಂಡದೊಳಗೆ ಮೂರು ಇಟ್ಟಿಗೆ ಚೂರುಗಳ ಮೇಲೆ ಚಿಕ್ಕ ಕುಂಡವನ್ನು ಕೂರಿಸಿ, ಎರಡರ ನಡುವಿನ ಸಂದಿಗೆ ಮುಷ್ಟಿಗಾತ್ರದ ಕಲ್ಲುಗಳನ್ನು ತುಂಬಿಸಿದೆ. ಭಾರವೂ ಬಂತು, ತಳವೂ ಅಗಲವಾಯಿತು; ಇವೆರಡರಲ್ಲಿ ತಳ ಅಗಲವಾದದ್ದರಿಂದಲೇ ಹೆಚ್ಚು ಪ್ರಯೋಜನ ಎನಿಸುತ್ತದೆ. ಹೊರಕುಂಡದ ತೂತು ಮುಚ್ಚಿಲ್ಲವೆಂದು ಖಾತರಿ ಮಾಡಿಕೊಳ್ಳಬೇಕು. ಗಿಡದ ತಲೆಯನ್ನೂ ಮೂರನೇ ಒಂದು ಪಾಲು ಸವರಿ, ಒಳಗೊಳಗೆ ಹೆಣೆದುಕೊಂಡ ಕೊಂಬೆಗಳನ್ನು ತೆಗೆದಿದ್ದೇನೆ. ಗಾಳಿ ಈಗ ತಲೆಯೊಳಗಿಂದ ಹಾಯ್ದುಹೋಗುತ್ತದೆ.

10. ಮುಂದಿನ ಗಾಳಿ

ಇಷ್ಟು ಮುಗಿಯುವ ಹೊತ್ತಿಗೆ ಇನ್ನೊಂದು ಗಾಳಿಮಳೆ ಬಂತು. ಡೇಲಿಯಾ ಚೌಕಟ್ಟು ಅಲುಗಲಿಲ್ಲ, ಆದರೆ ಮೇಲ್ಬಲೆಗಿಂತ ಎರಡು ಗೇಣು ಮೇಲಿದ್ದ ಎರಡು ಹೂಗಳ ತೊಟ್ಟು ಮುರಿಯಿತು. 120 ಸೆಂ.ಮೀ. ಎತ್ತರದಲ್ಲಿ ಮೂರನೆಯ ಬಲೆ ಬೇಕು. ಟೊಮೆಟೊ ಹುರಿ ನೆನೆದು ಬಿಗಿದು, ಒಣಗಿದ ಮೇಲೆ ಮೊದಲಿಗಿಂತ ಜೋಲಾಯಿತು. ಪ್ರತಿ ಮಳೆಯ ನಂತರ ಒಂದು ಸುತ್ತು ಬಿಗಿಯುವುದು ಖಾಯಂ ಕೆಲಸವಾಗಿದೆ. ಸೂರ್ಯಕಾಂತಿ, ದಾಸವಾಳ ಎರಡೂ ನಿಂತವು. ಒಂದು ಬಿದಿರಿನ ಬಾಯಿ ತಂತಿ ಸುತ್ತಿದ್ದರೂ ಸೀಳಿದೆ. ಅದು ಹಳೆಯ ಒಣ ಬಿದಿರು, ಬದಲಾಯಿಸಬೇಕು.

11. ಪಪ್ಪಾಯಿ, ಇನ್ನೂ ಮುಗಿದಿಲ್ಲ

ಪಪ್ಪಾಯಿಗೆ ಆಸರೆ ಕೊಡುವ ಮೊದಲು ಮೇಲೆದ್ದ ಮಣ್ಣನ್ನು ಕೈಯಿಂದ ಬಿಡಿಸಿ ಬೇರು ನೋಡಿದೆ. ನೀರು ನಿಂತ ಜಾಗದಲ್ಲಿ ಪಪ್ಪಾಯಿ ಬೇರು ಬಹುಬೇಗ ಕೊಳೆಯುತ್ತದೆ. ಕೊಳೆತ ಬೇರಿನ ಮರಕ್ಕೆ ಊರುಗೋಲು ಕೊಟ್ಟು ಫಲವಿಲ್ಲ. ಬೇರು ಬೆಳ್ಳಗೆ ಗಟ್ಟಿಯಾಗಿತ್ತು. ಮಣ್ಣು ಅದುಮಿ, ನೀರು ಹರಿದುಹೋಗಲು ಒಂದು ಕಾಲುವೆ ತೋಡಿದೆ. ವಾಲಿದ ಬದಿಯ ಬಲಿತ ಕಾಯಿಗಳನ್ನು ಇಳಿಸಿದ್ದರಿಂದಲೇ ಮರ ಕಣ್ಣಿಗೆ ಕಾಣುವಷ್ಟು ನೆಟ್ಟಗಾಯಿತು.

ಕಾಂಡ ಟೊಳ್ಳು, ಮೆತ್ತಗೆ; ಹಗ್ಗ ಬಿಗಿದರೆ ಒಳಗಿಳಿಯುತ್ತದೆ. ಹಾಗಾಗಿ ಕವೆಯಿರುವ ಮೂರು ಕೋಲುಗಳು. ಕವೆಗೆ ಸೈಕಲ್ ಟ್ಯೂಬನ್ನು ಎರಡು ಮಡಿಕೆ ಸುತ್ತಿ, 150 ಸೆಂ.ಮೀ. ಎತ್ತರದಲ್ಲಿ ಕಾಯಿಗೊಂಚಲಿನ ಕೆಳಗೆ ತಾಗಿಸಿ, ಬುಡವನ್ನು ಕಾಂಡದಿಂದ 90 ಸೆಂ.ಮೀ. ದೂರಕ್ಕೆ ಇಟ್ಟೆ, ಮೂರೂ ಒಂದಕ್ಕೊಂದು ಸಮದೂರದಲ್ಲಿ. ಎರಡರ ಬುಡಕ್ಕೆ ಸರಳು ಹೊಡೆದು ತಡೆ ಕೊಟ್ಟದ್ದು ಸರಿಯಾಗಿದೆ. ಮೂರನೆಯದರ ಜಾಗದ ಕೆಳಗೆ ನೀರಿನ ಕೊಳವೆ ಹೋಗಿದೆ, ಸರಳು ಹೊಡೆಯುವಂತಿಲ್ಲ. ಚಪ್ಪಡಿ ಕಲ್ಲಿನ ಮೇಲೆ ನಿಲ್ಲಿಸಿದೆ. ಗಾಳಿಗೆ ಮರ ಅಲುಗಿದಾಗಲೆಲ್ಲ ಕೋಲು ಕಲ್ಲಿನ ಮೇಲೆ ಜಾರಿ ಹೊರಗೆ ಸರಿಯುತ್ತಿದೆ. ಕಲ್ಲಿಗೆ ಉಳಿಯಿಂದ ಗುಳಿ ಹೊಡೆದರೆ ಕಲ್ಲೇ ಸರಿಯಿತು. ಈಗಿನ ಉಪಾಯ ಮೂರು ಕೋಲುಗಳ ಬುಡವನ್ನು ನೆಲಮಟ್ಟದಲ್ಲಿ ಒಂದರಿಂದ ಇನ್ನೊಂದಕ್ಕೆ ಹಗ್ಗ ಹಾಕಿ ತ್ರಿಕೋನದಂತೆ ಬಿಗಿಯುವುದು. ಆಗ ಮೂರನೆಯದು ಹೊರಗೆ ಸರಿಯಬೇಕಾದರೆ ಉಳಿದೆರಡನ್ನೂ ಎಳೆದುಕೊಂಡು ಹೋಗಬೇಕಾಗುತ್ತದೆ. ಇದಕ್ಕೆ ಹುರಿ ಸಾಲದು, ಬೆರಳು ದಪ್ಪದ ಹಗ್ಗ ಬೇಕು. ಅದು ಸಿಗುವವರೆಗೆ ಕೋಲಿನ ಬುಡಕ್ಕೆ ಮರಳು ಚೀಲ ಒತ್ತಿಟ್ಟಿದ್ದೇನೆ, ಗಾಳಿ ಬಂದ ಮಾರನೆಯ ಬೆಳಗ್ಗೆ ಎಷ್ಟು ಸರಿದಿದೆ ಎಂದು ಟೇಪು ಹಿಡಿದು ನೋಡುತ್ತಿದ್ದೇನೆ.